ಕಿಟ್ ಕಾರಿನ ಹಿಂದಿನ ವೀಲ್ ಬೇರಿಂಗ್ ಬದಲಾಯಿಸೋದು: ಪ್ರೆಸ್ ಇಲ್ದೆ ಆಗುತ್ತಾ?

ಅರ್ಧಕಟ್ಟಿದಗಾಡಿ
ನಮಸ್ಕಾರ ಎಲ್ರಿಗೂ. ನಂದು ಲೋಟಸ್ ಸೆವೆನ್ ಥರದ ಕಿಟ್ ಕಾರು (ಬಿಡಿ ಭಾಗ ತಂದು ನಾವೇ ಕಟ್ಟೋ ಕಾರು), ನಾನು ಕಟ್ಟಿದ್ದಲ್ಲ, ಯಾರೋ ಕಟ್ಟಿ ಒಂದಿಷ್ಟು ಓಡಿಸಿ ಮಾರಿದ್ದನ್ನ ತಗೊಂಡಿದ್ದು. ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಡಿಸ್ಕ್ ಬ್ರೇಕು, ಅಪ್‌ರೈಟ್ (ಬೇರಿಂಗ್ ಕೂರೋ ಲೋಹದ ಭಾಗ) ಯಾವುದೋ ಡೋನರ್ ಗಾಡಿದು, ಅಂದ್ರೆ ಭಾಗ ಬಿಚ್ಚಿಕೊಂಡ ಹಳೇ ಗಾಡಿದು, ಯಾವ್ದು ಅಂತ ಬಿಲ್ಡ್ ಫೈಲಲ್ಲಿ ಬರ್ದೇ ಇಲ್ಲ. ಸ್ಪೀಡು 50-60 ದಾಟಿದ ತಕ್ಷಣ ಹಿಂದಿನಿಂದ ಗುಂಯ್ಯ್ ಅಂತ ಸದ್ದು ಶುರುವಾಗುತ್ತೆ, ಬಲಕ್ಕೆ ತಿರುಗಿಸಿದ್ರೆ ಏರುತ್ತೆ, ಎಡಕ್ಕೆ ತಿರುಗಿಸಿದ್ರೆ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ಬೇರಿಂಗೇ ಅಂತ ನನ್ನ ಅಂದಾಜು. ಹೈಡ್ರಾಲಿಕ್ ಪ್ರೆಸ್ (ಬೇರಿಂಗ್ ಒತ್ತಿ ತೆಗೆಯೋ, ಹಾಕೋ ಯಂತ್ರ) ಇಲ್ಲ, ಬಾಕಿ ಸಾಮಾನ್ಯ ಟೂಲ್ಸ್ ಎಲ್ಲಾ ಇದೆ. ಮನೇಲೇ ಮಾಡ್ಕೋಬಹುದಾ ಅಥವಾ ಅಪ್‌ರೈಟ್ ಬಿಚ್ಚಿ ಮೆಷಿನ್ ಶಾಪಿಗೆ ಕೊಡ್ಬೇಕಾ? ಇನ್ನೊಂದು, ಗಾಡಿ ತೂಕ 600 ಕೆಜಿ ಒಳಗೇ ಇದೆ, ಡೋನರ್ ಗಾಡಿ ಇದಕ್ಕಿಂತ ಎಷ್ಟೋ ಭಾರ ಇದ್ದಿರುತ್ತೆ, ಅಂಥದ್ರಲ್ಲಿ ಬೇರಿಂಗ್ ಯಾಕೆ ಹೋಗ್ಬೇಕು ಅನ್ನೋದೇ ತಲೆಗೆ ಹತ್ತುತ್ತಿಲ್ಲ.

ನಟ್ಟುಬೋಲ್ಟು
ಮೊದ್ಲು ಟೈರ್ ಮೇಲೆ ಕೈಯಾಡಿಸಿ ನೋಡಿ. ಬ್ಲಾಕುಗಳು ಗರಗಸದ ಹಲ್ಲಿನ ಥರ ಸವೆದಿದ್ರೆ ಇದೇ ಸದ್ದು ಬರುತ್ತೆ. ಹಗುರ ಗಾಡಿ, ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಸರಿ ಇಲ್ಲ ಅಂದ್ರೆ ಹಿಂದಿನ ಟೈರ್ ಹಂಗೇ ಆಗೋದು.

ಗ್ರೀಸ್‌ಕೈ
ನಟ್ಟು ಹೇಳಿದ್ದು ನಿಜ, ಟೈರ್ ಹಿಂದೆ ಮುಂದೆ ಅದಲುಬದಲು ಮಾಡಿ ಒಂದು ರೌಂಡ್ ಹೋಗ್ಬನ್ನಿ (ಎರಡೂ ಕಡೆ ಸೈಜ್ ಒಂದೇ ಇದ್ರೆ ಮಾತ್ರ), ಸದ್ದೂ ಜಾಗ ಬದಲಾಯಿಸ್ತು ಅಂದ್ರೆ ಟೈರು. ಆದ್ರೆ ತಿರುಗಿಸಿದಾಗ ಏರೋದು ಇಳಿಯೋದು ಬೇರಿಂಗ್ ಲಕ್ಷಣನೇ. ಬಲಕ್ಕೆ ತಿರುಗಿಸಿದ್ರೆ ಭಾರ ಎಡಗಡೆ ಚಕ್ರದ ಮೇಲೆ ಬೀಳುತ್ತೆ, ಅಲ್ಲಿಗೆ ಎಡಗಡೆದು ಅಂತ ಮೊದಲ ಊಹೆ. ಊಹೆ ಅಷ್ಟೇ, ಯಾಕಂದ್ರೆ ಈ ಬೇರಿಂಗುಗಳಲ್ಲಿ ಎರಡು ಸಾಲು ಬಾಲ್ ಇರ್ತವೆ, ತಿರುವಲ್ಲಿ ಒಂದು ಸಾಲಿನ ಮೇಲೆ ಭಾರ ಬಿದ್ದಾಗ ಇನ್ನೊಂದು ಸಾಲು ಹಗುರಾಗುತ್ತೆ, ಹಾಳಾಗಿರೋದು ಯಾವ ಸಾಲು ಅನ್ನೋದರ ಮೇಲೆ ಲೆಕ್ಕ ಉಲ್ಟಾ ಆಗೋದೂ ಉಂಟು.

ಅದಕ್ಕೇ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಗಟ್ಟಿಯಾಗಿ ಕೂರಿಸಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಕೈಯಲ್ಲಿ ಚಕ್ರ ತಿರುಗಿಸಿ ಇನ್ನೊಂದು ಕೈ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಡಿ. ಬೇರಿಂಗಿನ ಗರಗರ ಸ್ಪ್ರಿಂಗಲ್ಲಿ ಬೆರಳಿಗೆ ಬರುತ್ತೆ, ಕಿವಿಗೆ ಕೇಳದೇ ಇದ್ರೂ ಬರುತ್ತೆ. ಬ್ರೇಕ್ ಪ್ಯಾಡ್ ಉಜ್ಜೋ ಶಬ್ದ ಗೊಂದಲ ಮಾಡುತ್ತೆ ಅಂದ್ರೆ ಕ್ಯಾಲಿಪರ್ ತೆಗ್ದು ತಂತಿ ಕಟ್ಟಿ ನೇತಾಕಿ, ಹೋಸ್ ಮೇಲೆ ಜೋತುಬೀಳಬಾರದು. ಆಮೇಲೆ ಚಕ್ರ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಪಕ್ಕ ಪಕ್ಕ ಹಿಡಿದೂ ಅಲ್ಲಾಡಿಸಿ. ಇಲ್ಲೊಂದು ಕಿಟ್ ಕಾರ್ ಪೇಚು ಇದೆ, ಇವುಗಳಲ್ಲಿ ರೋಸ್ ಜಾಯಿಂಟ್ (ಸಸ್ಪೆನ್ಷನ್ ತೋಳಿನ ತುದೀಲಿರೋ ಗುಂಡು ಕೀಲು) ಜಾಸ್ತಿ, ಅವು ಸವೆದ್ರೂ ಚಕ್ರ ಕಟಕಟ ಅನ್ನುತ್ತೆ, ಅದಕ್ಕೆ ಇನ್ನೊಬ್ಬರನ್ನ ಅಲ್ಲಾಡಿಸೋಕೆ ಬಿಟ್ಟು ನೀವು ಹಬ್ (ಚಕ್ರ ಬೋಲ್ಟ್ ಆಗೋ ಭಾಗ) ಮತ್ತೆ ಅಪ್‌ರೈಟ್ ಮಧ್ಯದ ಸಂದಿ ನೋಡಿ. ಹಬ್ ಮಾತ್ರ ಅಲ್ಲಾಡ್ತಿದ್ರೆ ಬೇರಿಂಗು. ಅಪ್‌ರೈಟ್ ಸಮೇತ ಅಲ್ಲಾಡ್ತಿದ್ರೆ ಜಾಯಿಂಟು ಅಥವಾ ಬುಷ್ಷು.

ತಿರುಪುಳಿ
ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್) ಸದ್ದು ಕೂಡ ಹೀಗೇ ಉಂಟು ಮಾರಾಯ್ರೆ, ಸೆವೆನ್ ಥರದ ಗಾಡಿಯಲ್ಲಿ ಡಿಫ್ ನಿಮ್ಮ ಬೆನ್ನ ಹಿಂದೆಯೇ ಇರುವುದಲ್ವಾ. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದ್ರೆ ಡಿಫ್. ಕ್ಲಚ್ ಒತ್ತಿ ಸುಮ್ಮನೆ ಉರುಳಿಸಿದ್ರೂ ಬದಲಾಗದೆ ಇದ್ದು ಸ್ಟೀರಿಂಗಿಗೆ ಮಾತ್ರ ಬದಲಾದ್ರೆ ಬೇರಿಂಗ್.

ಅರ್ಧಕಟ್ಟಿದಗಾಡಿ
ಎಲ್ಲಾ ನೋಡ್ದೆ. ಟೈರ್ ಸರಿ ಇದೆ. ಕ್ಲಚ್ ಒತ್ತಿದ್ರೂ ಅದೇ ಸದ್ದು. ಎಡಗಡೆ ಸ್ಪ್ರಿಂಗ್ ಮೇಲೆ ಕೈ ಇಟ್ರೆ ಸಣ್ಣ ಮರಳು ಅರೆದ ಹಾಗೆ ಬರ್ತಿದೆ, ಬಲಗಡೆ ನಯ. ಎಡಗಡೆ ಹಬ್ ಅಪ್‌ರೈಟ್ ಒಳಗೆ ಚೂರು ಅಲ್ಲಾಡುತ್ತೆ, ಕಣ್ಣಿಗೇ ಕಾಣ್ಸುತ್ತೆ. ಅಪ್‌ರೈಟಿಗೆ ಮ್ಯಾಗ್ನೆಟ್ ಅಂಟ್ಕೊಳ್ಳುತ್ತೆ, ಅಂದ್ರೆ ಅಲ್ಯುಮಿನಿಯಂ ಅಲ್ಲ. ಇನ್ನು ಬಿಚ್ಚೋದೇ.

ಸಿಯೆರಾಬೇರು
ಬಿಚ್ಚೋ ಮುಂಚೆ ಯಾವ ಥರದ ಬೇರಿಂಗ್ ಅಂತ ತಿಳ್ಕೊಳ್ಳಿ, ಯಾಕಂದ್ರೆ ಕಿಟ್ ಕಾರು ಅಂದ್ರೆ ಒಂದೇ ಥರ ಅಲ್ಲ. ನಂದು ಫೋರ್ಡ್ ಸಿಯೆರಾ ಡೋನರ್, ಅದರಲ್ಲಿ ಹಿಂದೆ ಟೇಪರ್ ರೋಲರ್ ಜೋಡಿ ಬರುತ್ತೆ, ಎರಡು ಬೇರಿಂಗು ಎರಡು ಸೀಲು, ಹೊರಗಿನ ಕಪ್ಪುಗಳನ್ನ (ಹೊರ ರಿಂಗುಗಳನ್ನ) ಡ್ರಿಫ್ಟ್ (ತಟ್ಟೋ ಲೋಹದ ಕಡ್ಡಿ) ಹಾಕಿ ಸುತ್ತಲೂ ತಟ್ಟಿ ತೆಗೀಬಹುದು, ಪ್ರೆಸ್ ಇಲ್ದೆನೂ ಆಗುತ್ತೆ, ಗ್ರೀಸ್ ನಾವೇ ತುಂಬ್ಬೇಕು. ಮಾಜ್ದಾ ಎಂಎಕ್ಸ್-5 ಡೋನರ್ ಆದ್ರೆ ಸೀಲ್ ಆಗಿರೋ ಎರಡು ಸಾಲಿನ ಬಾಲ್ ಬೇರಿಂಗು, ಅಪ್‌ರೈಟ್ ಒಳಗೆ ಬಿಗಿಯಾಗಿ ಕೂತಿರುತ್ತೆ, ಅದಕ್ಕೆ ಬಲ ಬೇಕೇ ಬೇಕು.

ಲೈವ್‌ಆಕ್ಸಲ್
ಹಳೇ ಫೋರ್ಡ್ ಎಸ್ಕಾರ್ಟ್ ಲೈವ್ ಆಕ್ಸಲ್ (ಎರಡೂ ಚಕ್ರಕ್ಕೆ ಸೇರಿ ಒಂದೇ ಗಟ್ಟಿ ಆಕ್ಸಲ್) ಹಾಕಿರೋರ ಕತೆ ಇನ್ನೊಂದು. ಹಾಫ್ ಶಾಫ್ಟಿಗೆ ಬೇರಿಂಗ್, ಅದರ ಹಿಂದೆ ಒಂದು ಕಾಲರ್, ಎರಡೂ ಶಾಫ್ಟ್ ಮೇಲೆ ಪ್ರೆಸ್ ಮಾಡಿರ್ತಾರೆ. ಆ ಕಾಲರ್ ಒಂದೇ ಚಕ್ರ ಹೊರಗೆ ಬರದ ಹಾಗೆ ಹಿಡಿದಿರೋದು, ನೆನಪಿರ್ಲಿ. ಹಳೇ ಕಾಲರನ್ನ ಡ್ರಿಲ್ ಮಾಡಿ ಚಿಸಲ್ ಹೊಡೆದು ಸೀಳ್ಬೇಕು, ಶಾಫ್ಟಿಗೆ ಡ್ರಿಲ್ ತಾಗಬಾರದು. ಹೊಸ ಕಾಲರ್ ಪ್ರತೀ ಸಲ ಹೊಸದೇ. ಅದು ಸುಲಭವಾಗಿ ಜಾರಿ ಕೂತ್ಕೊಳ್ತು ಅಂದ್ರೆ ಖುಷಿಪಡೋ ವಿಷಯ ಅಲ್ಲ, ಶಾಫ್ಟ್ ಸವೆದಿದೆ ಅಂತ ಅರ್ಥ, ಆ ಶಾಫ್ಟ್ ಬಿಸಾಕಿ. ನಿಮ್ಮದು ಇಂಡಿಪೆಂಡೆಂಟ್ ಅಂದ್ರಲ್ಲ, ಬಚಾವಾದ್ರಿ.

ಲೇತ್‌ಮಾಸ್ಟರ್
ಬಿಚ್ಚೂ ಮೊದ್ಲ ಒಂದೆರಡ ಮಾತ ಕೇಳ್ರಿ. ರೋಸ್ ಜಾಯಿಂಟಿನ ಲಾಕ್‌ನಟ್ ಮುಟ್ಟಬ್ಯಾಡ್ರಿ, ಬರೇ ಅಡ್ಡ ಬೋಲ್ಟ್ ಅಷ್ಟ ತಗೀರಿ. ಲಾಕ್‌ನಟ್ ಸಡಲ ಮಾಡಿದ್ರಂದ್ರ ಕ್ಯಾಂಬರ್ (ಚಕ್ರದ ವಾಲು) ಹೋತು, ಟೋ ಹೋತು, ಮತ್ತ ಎಲ್ಲಾ ಅಲೈನ್‌ಮೆಂಟ್ ಹೊಸದಾಗಿ ಮಾಡಬೇಕಾಕ್ಕತಿ. ಜಾಯಿಂಟಿನ ಎರಡೂ ಬಾಜೂ ಸಣ್ಣ ಸ್ಪೇಸರ್ ಇರ್ತಾವ, ಒಂದ ದಪ್ಪ ಒಂದ ತೆಳು ಇರಬಹುದು, ಫೋಟೋ ತಗದ ಇಟಗೋರಿ, ಕಟ್ಟಿದಾಂವಗಷ್ಟ ಗೊತ್ತಿರತೈತಿ ಯಾಕ ಹಂಗ ಇಟ್ಟಾನ ಅಂತ.

ದೊಡ್ಡ ನಟ್ಟು, ಡ್ರೈವ್‌ಶಾಫ್ಟ್ ತುದೀದು, ಅದರ ಅಂಚ ಶಾಫ್ಟಿನ ಗ್ರೂವಿನೊಳಗ ಬಡದ ಮಡಚಿರ್ತಾರ. ಮೊದ್ಲ ಆ ಮಡಚಿದ್ದನ್ನ ಸಣ್ಣ ಪಂಚ್ ಹಾಕಿ ಮ್ಯಾಲ ಎತ್ರಿ, ಹಂಗ ಜಬರ್ದಸ್ತಿ ತಿರುಗಿಸಿದ್ರ ಥ್ರೆಡ್ ಹರಕೊಂಡ ಬರತೈತಿ. ಇನ್ನೊಂದ, ಕೆಲವ ಡೋನರ್ ಗಾಡ್ಯಾಗ ಒಂದ ಬಾಜೂದ ನಟ್ಟು ಉಲ್ಟಾ ಥ್ರೆಡ್ ಇರತೈತಿ. ಉದ್ದನ ಪೈಪ್ ಹಾಕಿ ಜಗ್ಗೂ ಮೊದ್ಲ ಥ್ರೆಡ್ ಯಾವ ಕಡೆ ಏರೇತಿ ಕಣ್ಣಿಲೆ ನೋಡ್ರಿ. ನಟ್ಟು ಸಡಲ ಮಾಡೂ ಮುಂದ ಚಕ್ರ ನೆಲದ ಮ್ಯಾಲ ಇರ್ಲಿ, ಒಬ್ಬರು ಬ್ರೇಕ್ ಒತ್ತಿ ಹಿಡೀಲಿ, ಹಗುರ ಗಾಡಿ, ಹ್ಯಾಂಡ್‌ಬ್ರೇಕಿಗೆ ನಿಲ್ಲಂಗಿಲ್ಲ. ಸಡಲ ಆತು ಅಂದಕೂಡ್ಲೆ ಜಾಕ್ ಹಚ್ಚರಿ, ಸಡಲ ನಟ್ಟಿನ ಮ್ಯಾಲ ಗಾಡಿ ದೂಡಾಡಬ್ಯಾಡ್ರಿ.

ಅರ್ಧಕಟ್ಟಿದಗಾಡಿ
ನಟ್ಟು ಬಿಚ್ಚಿದೆ. ಲೇತ್‌ಮಾಸ್ಟರ್ ಹೇಳಿದ ಹಾಗೆ ಉದ್ದ ಪೈಪ್ ರೆಡಿ ಇಟ್ಕೊಂಡಿದ್ದೆ, ಬೇಕಾಗ್ಲೇ ಇಲ್ಲ, ಮಾಮೂಲಿ ಬ್ರೇಕರ್ ಬಾರಿಗೆ ಒಂದೇ ಎಳೆತಕ್ಕೆ ಬಂತು. ಅಂಚು ಮಡಚಿತ್ತು ನಿಜ, ಆದ್ರೆ ಬಿಗಿ ಅಂತ ಏನೂ ಇರ್ಲಿಲ್ಲ. ಇದು ಒಳ್ಳೇದಾ ಕೆಟ್ಟದ್ದಾ?

ಗ್ರೀಸ್‌ಕೈ
ಕೆಟ್ಟದ್ದು, ಮತ್ತೆ ನಿಮ್ಮ ಮೊದಲ ಪೋಸ್ಟಿನ ಕೊನೇ ಪ್ರಶ್ನೆಗೆ ಉತ್ತರ ಬಹುಶಃ ಇದೇ.

ಲೆಕ್ಕದ ಪ್ರಕಾರ ನೀವು ಕೇಳಿದ್ದು ಸರಿ. ಬಾಲ್ ಬೇರಿಂಗ್ ಆಯಸ್ಸು ಭಾರದ ಮೂರನೇ ಘಾತಕ್ಕೆ ವಿಲೋಮ, ಅಂದ್ರೆ ಭಾರ ಅರ್ಧ ಆದ್ರೆ ಆಯಸ್ಸು 8 ಪಟ್ಟು. ಡೋನರ್ ಗಾಡೀಲಿ ವರ್ಷಗಟ್ಲೆ ಬಾಳೋ ಬೇರಿಂಗು ನಿಮ್ಮ ಗಾಡೀಲಿ ನಿಮಗಿಂತ ಜಾಸ್ತಿ ದಿನ ಬಾಳ್ಬೇಕು. ಆದ್ರೆ ಆ ಲೆಕ್ಕ ಇರೋದು ಲೋಹ ದಣಿದು ಸಾಯೋ ಬೇರಿಂಗಿಗೆ. ಕಿಟ್ ಕಾರ್ ಬೇರಿಂಗು ದಣಿದು ಸಾಯೋದು ಅಪರೂಪ, ಕೂರಿಸುವಾಗ್ಲೇ ಗಾಯ ಆಗಿರುತ್ತೆ.

ಎರಡು ಸಾಲಿನ ಬೇರಿಂಗ್ ಒಳಗಿನ ರಿಂಗು ಒಂದೇ ತುಂಡಲ್ಲ, ಎರಡು ಅರ್ಧ. ಆ ಎರಡನ್ನೂ ಒಂದಕ್ಕೊಂದು ಒತ್ತಿ ಹಿಡಿದಿರೋದು ಆ ದೊಡ್ಡ ನಟ್ಟು. ನಟ್ಟಿನ ಬಿಗಿ ಅಂದ್ರೆ ಚಕ್ರ ಬೀಳದೇ ಇರ್ಲಿ ಅಂತ ಮಾತ್ರ ಅಲ್ಲ, ಬೇರಿಂಗ್ ಒಳಗಿನ ಪ್ರೀಲೋಡ್ (ಬಾಲುಗಳ ಮೇಲೆ ಸದಾ ಇರೋ ಒತ್ತು) ನಿಲ್ಲೋದೇ ಆ ಬಿಗಿಯಿಂದ. ಅದು ಕಮ್ಮಿ ಆದ್ರೆ ಎರಡು ಅರ್ಧಗಳು ಚೂರು ಚೂರೇ ದೂರ ಸರೀತವೆ, ಬಾಲುಗಳು ರೇಸಿನ (ರಿಂಗಲ್ಲಿ ಬಾಲು ಓಡೋ ದಾರಿ) ಮಧ್ಯ ಬಿಟ್ಟು ಅಂಚಲ್ಲಿ ಓಡೋಕೆ ಶುರು ಮಾಡ್ತವೆ, ಸೀಲ್ ಓರೆ ಆಗುತ್ತೆ, ನೀರು ಹೋಗುತ್ತೆ. ಕಾರ್ಖಾನೆಲಿ ನಟ್ಟು ಬಿಗಿ ಮಾಡ್ದೆ ಗಾಡಿ ನೆಲಕ್ಕಿಳಿಯೋದೇ ಇಲ್ಲ. ಕಿಟ್ ಕಾರಲ್ಲಿ? ರೋಲಿಂಗ್ ಚಾಸಿ ಆಯ್ತು ಅಂತ ಚಕ್ರ ಹಾಕಿ, ಡ್ರೈವ್‌ಶಾಫ್ಟ್ ಇನ್ನೂ ಇಲ್ಲ ಅಥವಾ ನಟ್ಟು ಕೈಬಿಗಿ ಅಷ್ಟೇ, ಗ್ಯಾರೇಜಿಂದ ಹೊರಗೆ ಒಳಗೆ ತಿಂಗಳುಗಟ್ಲೆ ದೂಡಾಡ್ತಾರೆ. ಬೇರಿಂಗ್ ಕತೆ ಅಲ್ಲೇ ಮುಗೀತು, ರಸ್ತೆ ಕಾಣೋ ಮೊದಲೇ.

ನಟ್ಟುಬೋಲ್ಟು
ಇದನ್ನ ಪಿನ್ ಮಾಡಿ ಯಾರಾದ್ರೂ. ಕಟ್ಟೋ ಹಂತದಲ್ಲಿ ಗಾಡಿ ದೂಡ್ಬೇಕು ಅಂದ್ರೆ ಹಳೇ ಡ್ರೈವ್‌ಶಾಫ್ಟಿನ ಸಿವಿ ಜಾಯಿಂಟಿನ ತುದಿ ಕತ್ತರಿಸಿ ಹಬ್ಬಿಗೆ ಹಾಕಿ ಬಿಗಿ ಮಾಡಿಟ್ಕೊಳ್ಳಿ, ಇಲ್ಲಾಂದ್ರೆ ದಪ್ಪ ವಾಷರ್ ಬೋಲ್ಟ್ ಹಾಕಿ.

ತಿರುಪುಳಿ
ವೆಲ್ಡಿಂಗ್ ಕೂಡ ಸೇರಿಸಿ. ಚಾಸಿಗೆ ಬ್ರಾಕೆಟ್ ವೆಲ್ಡ್ ಮಾಡುವಾಗ ಅರ್ತ್ ಕ್ಲ್ಯಾಂಪನ್ನು ಬ್ರೇಕ್ ಡಿಸ್ಕಿಗೋ ಹಬ್ಬಿಗೋ ಸಿಕ್ಕಿಸುವವರು ಇದ್ದಾರೆ, ಪೇಂಟ್ ಇಲ್ಲದ ಜಾಗ ಅದೊಂದೇ ಸಿಗುವುದು ಅಂತ. ಕರೆಂಟು ಬಾಲ್‌ಗಳ ಮೂಲಕ ಹೋಗಿ ರೇಸಲ್ಲಿ ಸಣ್ಣ ಸಣ್ಣ ಗುಳಿ ಸುಡುತ್ತದೆ. ಅರ್ತ್ ಯಾವಾಗಲೂ ವೆಲ್ಡ್ ಮಾಡುವ ಜಾಗದ ಹತ್ತಿರವೇ ಇರಬೇಕು, ನಡುವೆ ಬೇರಿಂಗ್ ಬರಲೇಬಾರದು.

ಅರ್ಧಕಟ್ಟಿದಗಾಡಿ
ಈಗ ಶಾಫ್ಟು ಸ್ಪ್ಲೈನಲ್ಲಿ (ಹಬ್ ಒಳಗೆ ಕೂರೋ ಹಲ್ಲುಗಳಲ್ಲಿ) ಕಚ್ಕೊಂಡಿದೆ, ಒಳಗೆ ಹೋಗ್ತಿಲ್ಲ. ಸುತ್ತಿಗೆ ತಗೊಳ್ಳಾ?

ಲೇತ್‌ಮಾಸ್ಟರ್
ಥ್ರೆಡ್ ಮ್ಯಾಲ ಸುತಿಗಿ ಬ್ಯಾಡ! ತೆಳು ತುಕ್ಕು ಬಿಡಿಸೂ ಎಣ್ಣಿ ಹಾಕಿ ರಾತ್ರಿ ಬಿಡ್ರಿ. ಆಮ್ಯಾಲ ಮೂರ ಕಾಲಿನ ಪುಲ್ಲರ್ ಹಬ್ಬಿಗೆ ಹಾಕಿ ಶಾಫ್ಟ್ ಒಳಗ ದಬ್ಬರಿ. ಸುತಿಗೀನ ಬೇಕಂದ್ರ ಹಳೇ ನಟ್ಟು ಶಾಫ್ಟಿನ ತುದಿಗೆ ಸಮಾ ಬರೂಹಂಗ ತಿರುಗಿಸಿ, ಮ್ಯಾಲ ಹಿತ್ತಾಳಿ ತುಂಡ ಇಟ್ಟು ಒಂದೆರಡ ಪೆಟ್ಟು, ಅಷ್ಟ. ಶಾಫ್ಟ್ ಬಂದ ಮ್ಯಾಲ ಅದನ್ನ ಜೋತ ಬಿಡಬ್ಯಾಡ್ರಿ, ಒಳಗಿನ ಜಾಯಿಂಟ್ ಕಳಚಿ ಬೂಟ್ ಹರೀತೈತಿ, ಹಗ್ಗ ಕಟ್ಟಿ ಮಟ್ಟಸ ಇಡ್ರಿ.

ಅರ್ಧಕಟ್ಟಿದಗಾಡಿ
ಪುಲ್ಲರಿಗೆ ಬಂತು. ಅಪ್‌ರೈಟ್ ಈಗ ಬೆಂಚ್ ಮೇಲಿದೆ. ಹಬ್ ಎಳೆದ ತಕ್ಷಣ ಬೇರಿಂಗ್ ಎರಡಾಯ್ತು, ಒಳಗಿನ ರಿಂಗಿನ ಹೊರಗಡೆ ಅರ್ಧ ಹಬ್ ಮೇಲೇ ಉಳ್ಕೊಂಡಿದೆ, ಉಳಿದದ್ದು ಅಪ್‌ರೈಟ್ ಒಳಗೆ. ನಾರ್ಮಲ್ಲಾ?

ಗ್ರೀಸ್‌ಕೈ
ಪೂರ್ತಿ ನಾರ್ಮಲ್. ಹಂಗೆ ಆದ್ಮೇಲೆ ಬೇರಿಂಗ್ ಮತ್ತೆ ಬಳಸೋ ಹಾಗಿಲ್ಲ ಅಂತ ಮಾತ್ರ. ಹಬ್ ಮೇಲಿನ ರಿಂಗಿಗೆ ಬೇರಿಂಗ್ ಸ್ಪ್ಲಿಟರ್ ಇದ್ರೆ ಸರಿ, ಇಲ್ಲಾಂದ್ರೆ ಆ್ಯಂಗಲ್ ಗ್ರೈಂಡರಲ್ಲಿ ಅಡ್ಡಡ್ಡ ಒಂದು ಗೀರು ಕೊಯ್ಯಿರಿ, ದಪ್ಪದ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ, ಪೂರ್ತಿ ಕೊಯ್ದ್ರೆ ಗ್ರೈಂಡರ್ ಡಿಸ್ಕು ಹಬ್ಬಿಗೇ ತಾಗುತ್ತೆ. ಆಮೇಲೆ ಆ ಗೀರಲ್ಲಿ ಚಿಸಲ್ ಇಟ್ಟು ಒಂದು ಏಟು, ಟಕ್ ಅಂತ ಸೀಳುತ್ತೆ, ಗಟ್ಟಿ ಸ್ಟೀಲು ಆದ್ರಿಂದ ಬಾಗಲ್ಲ, ಒಡೆಯುತ್ತೆ. ಕನ್ನಡಕ ಹಾಕ್ಕೊಳ್ಳಿ, ಚೂರು ಹಾರುತ್ತೆ.

ಆಮೇಲೆ ಆ ರಿಂಗನ್ನ ಬಿಸಾಕ್ಬೇಡಿ, ಬೆಳಕಿಗೆ ಹಿಡಿದು ಒಳಗೆ ಏನು ಕಾಣುತ್ತೆ ಹೇಳಿ.

ಅರ್ಧಕಟ್ಟಿದಗಾಡಿ
ಗ್ರೀಸು ಒಂದು ಕಡೆ ಹಳದಿ, ಚೆನ್ನಾಗೇ ಇದೆ, ಇನ್ನೊಂದು ಕಡೆ ಇಟ್ಟಿಗೆ ಪುಡಿ ಕಲಸಿದ ಬಣ್ಣ. ಬಾಲ್ ಓಡಿರೋ ಪಟ್ಟೆ ರೇಸಿನ ನಡುವೆ ಇಲ್ಲ, ಭುಜದ ಕಡೆಗೆ ಹತ್ತಿದೆ, ಅಲ್ಲೇ ಒಂದು ಕಡೆ ಉಗುರಷ್ಟು ಜಾಗ ಚಕ್ಕೆ ಎದ್ದಿದೆ, ಉಗುರಲ್ಲಿ ಕೆರೆದ್ರೆ ಸಿಗುತ್ತೆ. ಎರಡು ಅರ್ಧ ರಿಂಗುಗಳು ಮುಖಾಮುಖಿ ಕೂರೋ ಜಾಗ ಕನ್ನಡಿ ಥರ ಹೊಳೀತಿದೆ, ಸುತ್ತ ಕೆಂಪು ಪುಡಿ. ಸುಟ್ಟ ಗುಳಿ ಏನೂ ಕಾಣ್ತಿಲ್ಲ.

ಗ್ರೀಸ್‌ಕೈ
ಕೇಸ್ ಕ್ಲೋಸ್. ಆ ಕೆಂಪು ಪುಡಿ ಬರೋದು ಎರಡು ಲೋಹದ ಮುಖಗಳು ಒತ್ತಿಕೊಂಡಿರೋ ಬದಲು ಸಣ್ಣಗೆ ತಿಕ್ಕಾಡಿದಾಗ. ನಟ್ಟು ಸರಿಯಾಗಿ ಬಿಗಿ ಇದ್ದಿದ್ರೆ ಆ ಮುಖಗಳು ಅಲ್ಲಾಡೋದೇ ಇಲ್ಲ. ನಡುವೆ ಬಾಲಿಗೊಂದರಂತೆ ಸಮ ಅಂತರದ ಗುಂಡಿಗಳು ಕಂಡಿದ್ರೆ ಕೂರಿಸುವಾಗ ತಪ್ಪು ರಿಂಗ್ ಮೇಲೆ ಒತ್ತಿದ್ದಾರೆ ಅಂತಿದ್ದೆ, ಅದು ಇಲ್ಲ.

ಸಿಯೆರಾಬೇರು
ವೀಲ್ ಆಫ್‌ಸೆಟ್ ಕೂಡ ನೋಡ್ಕೊಳ್ಳಿ ಒಂದ್ಸಲ. ಅಗಲ ಟೈರ್ ಆಸೆಗೆ ಸ್ಪೇಸರ್ ಹಾಕಿ ಚಕ್ರ ಹೊರಗೆ ತಳ್ಳಿದ್ರೆ ಭಾರದ ಗೆರೆ ಎರಡು ಸಾಲಿನ ನಡುವಿಂದ ಆಚೆ ಹೋಗಿ ಒಂದೇ ಸಾಲು ಹೊರೋ ಹಾಗಾಗುತ್ತೆ.

ಅರ್ಧಕಟ್ಟಿದಗಾಡಿ
ಸ್ಪೇಸರ್ ಇಲ್ಲ. ಈಗ ಬೇರಿಂಗ್ ನಂಬರ್ ಓದೋಕಾಯ್ತು: ಡಿಎಸಿ 37720037. ಏನರ್ಥ?

ತಿರುಪುಳಿ
ಇದು ಸುಲಭ. ಮೊದಲ ಎರಡು ಅಂಕಿ ಒಳಗಿನ ವ್ಯಾಸ 37 ಎಂಎಂ, ಆಮೇಲೆ ಹೊರಗಿನ ವ್ಯಾಸ 72, ಕೊನೆಯದು ಅಗಲ 37. ಕ್ಯಾಟಲಾಗಿನಲ್ಲಿ ಈ ನಂಬರ್ ಹಾಕಿ ಹುಡುಕಿದ್ರೆ ಯಾವ ಯಾವ ಗಾಡಿಗೆ ಬರುತ್ತದೆ ಅಂತ ಪಟ್ಟಿ ಸಿಗುತ್ತದೆ, ಅದರ ಜತೆ ನಿಮ್ಮ ವೀಲ್ ಬೋಲ್ಟಿನ ಅಂತರ, ಅಪ್‌ರೈಟ್ ಮೇಲಿನ ಕಾಸ್ಟಿಂಗ್ ನಂಬರ್ ತಾಳೆ ಹಾಕಿ, ಡೋನರ್ ಯಾವುದು ಗೊತ್ತಾಗ್ತದೆ. ಡೋನರ್ ಸಿಕ್ಕಿದ್ರೆ ಟಾರ್ಕ್ ಅಂಕಿಯೂ (ನಟ್ಟು ಎಷ್ಟು ಬಿಗಿ ಮಾಡಬೇಕು ಅಂತ) ಸಿಕ್ಕಿತು. ಅಂದಾಜಿಗೆ ಹಾಕುವ ಅಂಕಿ ಅಲ್ಲ ಅದು. ಎಂಎಕ್ಸ್-5 ಮೊದಲ ತಲೆಮಾರಿನದ್ದಕ್ಕೆ 216 ರಿಂದ 294 ನ್ಯೂಟನ್ ಮೀಟರ್ ಉಂಟು, ಬೇರೆಯದ್ದಕ್ಕೆ ಬೇರೆ.

ಮತ್ತೊಂದು, ಹೊಸ ಬೇರಿಂಗಿನ ಒಂದು ಮುಖದಲ್ಲಿ ಎಬಿಎಸ್ಸಿಗೆ ಮ್ಯಾಗ್ನೆಟ್ ರಿಂಗ್ ಇರಬಹುದು. ನಿಮಗೆ ಎಬಿಎಸ್ ಇಲ್ಲದಿರಬಹುದು, ಆದ್ರೆ ಕೆಲವರು ಸ್ಪೀಡೋಮೀಟರ್ ಸೆನ್ಸರ್ ಅಲ್ಲಿಂದಲೇ ತೆಗೆದಿರ್ತಾರೆ.

ಅರ್ಧಕಟ್ಟಿದಗಾಡಿ
ಡೋನರ್ ಸಿಕ್ತು, ಕಾಸ್ಟಿಂಗ್ ನಂಬರ್ ತಾಳೆ ಆಯ್ತು, ಮ್ಯಾನ್ಯುಯಲ್ಲೂ ಸಿಕ್ತು, ಥ್ಯಾಂಕ್ಸ್. ಸ್ಪೀಡೋ ಸೆನ್ಸರ್ ನಂದು ಪ್ರಾಪ್‌ಶಾಫ್ಟ್ ಹತ್ರ ಇದೆ, ಹಾಗಾಗಿ ರಿಂಗ್ ಇಲ್ದಿರೋದೇ ತಗೊಂಡೆ. ಈಗ ಹಳೇದು ಅಪ್‌ರೈಟಿಂದ ಹೊರಗೆ ತರೋದು, ಹೊಸದು ಒಳಗೆ ಹಾಕೋದು. ಪ್ರೆಸ್ ಇಲ್ಲ.

ನಟ್ಟುಬೋಲ್ಟು
ಸರ್ಕ್ಲಿಪ್ (ಬೇರಿಂಗ್ ಹೊರಗೆ ಬರದ ಹಾಗೆ ಹಿಡಿಯೋ ಕ್ಲಿಪ್ಪು) ತೆಗ್ದ್ರಾ? ಅದನ್ನ ಮರ್ತು ಪ್ರೆಸ್ ಒತ್ತಿ ಅಪ್‌ರೈಟ್ ಒಡೆದಿರೋದು ನೋಡಿದೀನಿ.

ಲೇತ್‌ಮಾಸ್ಟರ್
ಹಳೇದ ತಗಿಯಾಕ ಹಾಳಾದ್ರೂ ಚಿಂತಿಲ್ಲ, ಹೊಸಾದ ಹಾಕಾಕ ಮಾತ್ರ ಶಿಸ್ತ ಬೇಕು. 16 ಎಂಎಂ ಹೈ ಟೆನ್ಸೈಲ್ ಥ್ರೆಡ್ ರಾಡ್, ಎರಡ ನಟ್ಟು, ದಪ್ಪ ಪ್ಲೇಟು, ಒಂದ ಪೈಪಿನ ತುಂಡು (ಬೇರಿಂಗ್ ಆ ಕಡಿಂದ ಅದರೊಳಗ ಹೊರಬರಬೇಕು, ಅಷ್ಟ ಅಗಲ). ಥ್ರೆಡ್ಡಿಗೆ ಗ್ರೀಸ್ ಹಚ್ಚರಿ, ಇಲ್ಲಂದ್ರ ನಟ್ಟು ರಾಡ್ ಎರಡೂ ಕಚ್ಚಕೊಂಡು ಒಂದ ಆಗಿಬಿಡ್ತಾವ. ನಟ್ಟಿಗೆ 100 ನ್ಯೂಟನ್ ಮೀಟರ್ ಹಾಕಿದ್ರ ಸುಮಾರ 3 ಟನ್ ಎಳೀತೈತಿ. ಹೊಸಾ ಬೇರಿಂಗ್ ಹಾಕಾಕ ಇಷ್ಟ ಬೇಕಾದಷ್ಟ ಆತು. ತುಕ್ಕ ಹಿಡದ ಹಳೇ ಬೇರಿಂಗಿಗೆ ಸಾಲಂಗಿಲ್ಲ ಒಮ್ಮೊಮ್ಮೆ, ಆಗ ಅಪ್‌ರೈಟ್ ಒಂದ ಎತ್ತಿಕೊಂಡ ಪ್ರೆಸ್ ಇದ್ದಲ್ಲಿ ಹೋಗ್ರಿ, ಅದಕ್ಕ ಹಟಾ ಯಾಕ.

ತಿರುಪುಳಿ
ಸ್ಲೈಡ್ ಹ್ಯಾಮರ್ ಇದ್ದರೆ ಅರ್ಧ ಗಂಟೆಯ ಕೆಲಸ ಅಲ್ವಾ.

ಲೇತ್‌ಮಾಸ್ಟರ್
ತಗಿಯಾಕ ಹೌದು. ಹಾಕಾಕ ಅಲ್ಲ. ಬಡದ ಹಾಕಿದ ಬೇರಿಂಗ್ ಸದ್ದ ಮಾಡ್ಕೋತನ ಹುಟ್ಟತೈತಿ.

ಗ್ರೀಸ್‌ಕೈ
ನನ್ನ ಪ್ರಕಾರ ಬಲಕ್ಕಿಂತ ಬಿಸಿ ಉತ್ತಮ. ಲೆಕ್ಕ ನೋಡಿ, ಕಬ್ಬಿಣದ ಅಪ್‌ರೈಟನ್ನ ಕೋಣೆ ಉಷ್ಣಾಂಶಕ್ಕಿಂತ 80 ಡಿಗ್ರಿ ಮೇಲೆ ಬಿಸಿ ಮಾಡಿದ್ರೆ 72 ಎಂಎಂ ಬೋರು ಸುಮಾರು 0.06 ಎಂಎಂ ಹಿಗ್ಗುತ್ತೆ. ಬೇರಿಂಗನ್ನ ಫ್ರೀಜರಲ್ಲಿ ಇಟ್ರೆ ಅದು 0.03-0.04 ಕುಗ್ಗುತ್ತೆ. ಒಟ್ಟು 0.1 ಎಂಎಂ ಹತ್ರ ಬಂತು, ಬಿಗಿ ಇರೋದು ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ. ಕೈಯಲ್ಲೇ ಜಾರಿ ಕೂರುತ್ತೆ ಅಥವಾ ರಾಡಲ್ಲಿ ಸ್ವಲ್ಪ ಎಳೆದ್ರೆ ಸಾಕು. ಅಲ್ಯುಮಿನಿಯಂ ಅಪ್‌ರೈಟ್ ಇರೋರಿಗೆ ಇನ್ನೂ ಸುಲಭ, ಅದು ಎರಡರಷ್ಟು ಹಿಗ್ಗುತ್ತೆ. ಬಿಸಿ ಅಂದ್ರೆ ಓವನ್ ಅಥವಾ ಹೀಟ್ ಗನ್, ಸುತ್ತಲೂ ಸಮವಾಗಿ. ರಬ್ಬರ್ ಬುಷ್ ಇದ್ರೆ ಮೊದ್ಲು ತೆಗೀರಿ. ಬೇರಿಂಗಿಗೆ ಮಾತ್ರ ಬಿಸಿ ತೋರಿಸ್ಬೇಡಿ, ಒಳಗೆ ಗ್ರೀಸೂ ಸೀಲೂ ಇದೆ. ಫ್ರೀಜರಲ್ಲಿ ಕವರ್ ಸಮೇತ ಇಡಿ, ಹೊರಗೆ ತೆಗೆದ ತಕ್ಷಣ ಹಾಕಿ, ತಡ ಮಾಡಿದ್ರೆ ಮೇಲೆ ನೀರು ಬೆವರುತ್ತೆ. ಒಂದೇ ಸಲಕ್ಕೆ ನೇರ ಹೋಗ್ಬೇಕು, ಓರೆಯಾಗಿ ಅರ್ಧಕ್ಕೆ ನಿಂತ್ರೆ ಅಲ್ಲೇ ಎರಡೂ ಒಂದೇ ಉಷ್ಣಾಂಶಕ್ಕೆ ಬಂದು ಕಚ್ಕೊಳ್ಳುತ್ತೆ.

ಮತ್ತೆ ಮುಖ್ಯ, ಅಪ್‌ರೈಟ್ ಒಳಗೆ ಹಾಕುವಾಗ ಹೊರಗಿನ ರಿಂಗ್ ಮೇಲೆ ಮಾತ್ರ ಒತ್ತಿ. ಹಳೇ ಬೇರಿಂಗಿನ ಹೊರ ರಿಂಗನ್ನೇ ಬಳಸಿ, ಅಡ್ಡ ಒಂದು ಸೀಳು ಕೊಯ್ದಿಟ್ರೆ ಬೋರಲ್ಲಿ ಸಿಕ್ಕಾಕ್ಕೊಳ್ಳಲ್ಲ. ಸರ್ಕ್ಲಿಪ್ ಹಾಕಿ. ಆಮೇಲೆ ಹಬ್ ಹಾಕುವಾಗ ಉಲ್ಟಾ, ಬೇರಿಂಗಿನ ಒಳಗಿನ ರಿಂಗಿಗೆ ಹಿಂದಿನಿಂದ ಆಧಾರ ಕೊಟ್ಟು ಹಬ್ ಎಳೀಬೇಕು. ಆಧಾರ ಅಪ್‌ರೈಟಿಗೆ ಕೊಟ್ರೆ ಬಲ ಎಲ್ಲಾ ಬಾಲುಗಳ ಮೇಲೆ ಹೋಗಿ ರೇಸಲ್ಲಿ ಗುಂಡಿ ಬೀಳುತ್ತೆ, ಹೊಸ ಬೇರಿಂಗಿಗೆ ಹಳೇ ಸದ್ದು.

ಅರ್ಧಕಟ್ಟಿದಗಾಡಿ
ಹಳೇದು ರಾಡಿಗೆ ಬಗ್ಗಲಿಲ್ಲ, ಮೆಷಿನ್ ಶಾಪಲ್ಲಿ ಪ್ರೆಸ್ ಹಾಕಿಸ್ದೆ, ಡಬ್ ಅಂತ ಸದ್ದು ಮಾಡಿ ಬಂತು. ಬೋರ್ ಉಜ್ಜಿ ಅಳೆಸಿದೆ, 71.96, ಸುತ್ತಲೂ ಒಂದೇ. ಹೊಸದು ಗ್ರೀಸ್‌ಕೈ ಹೇಳಿದ ಹಾಗೆ ಬಿಸಿ-ತಂಪು ಮಾಡಿ ಹಾಕ್ದೆ, ಮುಕ್ಕಾಲು ತಾನೇ ಇಳೀತು, ಉಳಿದದ್ದು ರಾಡಲ್ಲಿ ಎಳೆದೆ, ತಳ ಮುಟ್ಟಿದಾಗ ಸ್ಪ್ಯಾನರಿಗೇ ಗೊತ್ತಾಯ್ತು, ಥಟ್ ಅಂತ ನಿಂತುಬಿಡುತ್ತೆ. ಈಗ ಟಾರ್ಕ್ ಸಮಸ್ಯೆ, ನನ್ನ ರೆಂಚು 200ಕ್ಕೇ ನಿಲ್ಲುತ್ತೆ.

ಸಿಯೆರಾಬೇರು
ದೊಡ್ಡ ರೆಂಚ್ ಯಾರ ಹತ್ರನಾದ್ರೂ ಒಂದು ದಿನಕ್ಕೆ ತಗೊಳ್ಳಿ, ಲಾರಿ ಟೈರ್ ಬಿಚ್ಚೋರ ಹತ್ರ ಇರುತ್ತೆ. ಸಿಗ್ಲೇ ಇಲ್ಲ ಅಂದ್ರೆ ಲೆಕ್ಕ ಇದೆ, ನಟ್ಟಿನ ಮಧ್ಯದಿಂದ ಸರಿಯಾಗಿ 1 ಮೀಟರ್ ದೂರದಲ್ಲಿ, ಬಾರ್ ನೆಲಕ್ಕೆ ಸಮಾನಾಂತರ ಇದ್ದಾಗ, 25 ಕೆಜಿ ನೇತಾಕಿದ್ರೆ 245 ನ್ಯೂಟನ್ ಮೀಟರ್, ಅದಕ್ಕೆ ಬಾರಿನ ಸ್ವಂತ ತೂಕದ್ದು ಸ್ವಲ್ಪ ಸೇರುತ್ತೆ. ತುದಿ ಮೇಲೆ ನಿಂತ್ಕೊಳ್ಳೋ ಚಟ ಇದೆಯಲ್ಲ ಕೆಲವರಿಗೆ, 80 ಕೆಜಿ ಮನುಷ್ಯ ನಿಂತ್ರೆ 785, ಥ್ರೆಡ್ಡೇ ಉಳಿಯಲ್ಲ.

ಲೇತ್‌ಮಾಸ್ಟರ್
ಹೊಸಾ ನಟ್ಟು ಹಾಕ್ರಿ, ಮಡಚಿದ ಹಳೇದ ಬ್ಯಾಡ. ಬಿಗಿ ಮಾಡೂ ಮುಂದ ಚಕ್ರ ನೆಲಕ್ಕ ತಾಗಸಬ್ಯಾಡ್ರಿ, ಗಾಡಿ ಭಾರ ಬೇರಿಂಗ್ ಮ್ಯಾಲ ಬೀಳೂ ಮೊದ್ಲ ಬಿಗಿ ಆಗಿರಬೇಕು. ಬ್ರೇಕ್ ಒತ್ತಿ ಹಿಡದ, ನಡಕ ನಡಕ ಹಬ್ ತಿರಗಿಸಿ, ಮತ್ತ ಬಿಗಿ ಮಾಡ್ರಿ. ಇಂಪ್ಯಾಕ್ಟ್ ಗನ್ ಬಿಚ್ಚಾಕಷ್ಟ.

ಅರ್ಧಕಟ್ಟಿದಗಾಡಿ
ಎಡಗಡೆ ಆಯ್ತು. ರೆಂಚ್ ಸಿಕ್ತು, ಮ್ಯಾನ್ಯುಯಲ್ ಹೇಳಿದಷ್ಟೇ ಹಾಕಿ ಅಂಚು ಮಡಚಿದೆ. ಓಡಿಸಿದೆ, ಗುಂಯ್ ಪೂರ್ತಿ ಹೋಗಿದೆ, ಈಗ ಗೇರ್‌ಬಾಕ್ಸ್ ಕುಂಯ್ ಕೇಳ್ತಿದೆ, ಅದು ಮೊದ್ಲಿಂದ ಇತ್ತೋ ಏನೋ 😄. ಬಲಗಡೆದು ಸದ್ದಿಲ್ಲ, ಬಿಡ್ಲಾ?

ಗ್ರೀಸ್‌ಕೈ
ಅದೇ ಕೈ ಕಟ್ಟಿದ್ದಲ್ವಾ, ನಟ್ಟು ಚೆಕ್ ಮಾಡಿ. ಬಿಗಿ ಸರಿ ಇದ್ರೆ ಮುಟ್ಬೇಡಿ. ಸಡಿಲ ಇದ್ರೆ ಈಗ ಬಿಗಿ ಮಾಡಿ ಪ್ರಯೋಜನ ಇಲ್ಲ, ಅಂಚಲ್ಲಿ ಓಡಿದ ಬಾಲು ವಾಪಸ್ ಸರಿಹೋಗಲ್ಲ, ಬದಲಾಯಿಸಿ.

ತಿರುಪುಳಿ
ನಾನಾದ್ರೆ ಬಿಗಿ ಮಾಡಿ ಓಡಿಸಿ ನೋಡ್ತಿದ್ದೆ. ಸದ್ದು ಬಂದಾಗ ಬಿಚ್ಚಿದ್ರಾಯ್ತು, ಬೇರಿಂಗ್ ಮೊದಲೇ ಹೇಳಿ ಹಾಳಾಗುವ ವಸ್ತು.

ಗ್ರೀಸ್‌ಕೈ
ಮುಂದಿನ ಚಕ್ರ ಆಗಿದ್ರೆ ಒಪ್ತಿದ್ದೆ. ಹಿಂದೆ ಡ್ರೈವ್ ಇರೋ ಗಾಡಿ, ತೆರೆದ ಗಾಡಿ, ಗಾಳಿ ಎಗ್ಸಾಸ್ಟ್ ಗದ್ದಲದಲ್ಲಿ ಬೇರಿಂಗ್ ಹೇಳೋದು ಕೇಳ್ಸೋ ಹೊತ್ತಿಗೆ ತಡ ಆಗಿರುತ್ತೆ.

ಅರ್ಧಕಟ್ಟಿದಗಾಡಿ
ಬಿಚ್ಚಿದೆ. ಬಲಗಡೆ ನಟ್ಟೂ ಸಡಿಲ. ಅದಕ್ಕಿಂತ ಕೆಟ್ಟದ್ದು, ಬೇರಿಂಗ್ ಅಪ್‌ರೈಟಿಂದ ಮರದ ತುಂಡು ಇಟ್ಟು ತಟ್ಟಿದ್ದಕ್ಕೇ ಬಂತು. ಬೋರ್ ಒಳಗೆ ಸುತ್ತಲೂ ಹೊಳಪು ಗೀರು, ಅಳತೆ 72.03. ಹೊರ ರಿಂಗ್ ಒಳಗೇ ತಿರುಗ್ತಿತ್ತು ಅನ್ಸುತ್ತೆ. ರಿಟೈನಿಂಗ್ ಕಾಂಪೌಂಡ್ (ಸಂದಿ ತುಂಬಿ ಬೇರಿಂಗ್ ಹಿಡಿಯೋ ಅಂಟು) ಹಾಕಿ ಕೂರಿಸಬಹುದಾ?

ಲೇತ್‌ಮಾಸ್ಟರ್
ಕಾಂಪೌಂಡ್ ಆ ಸಂದಿ ತುಂಬತೈತಿ, ಅದರಾಗ ಸಂಶಯ ಇಲ್ಲ. ಆದ್ರ ಬ್ರೇಕ್ ಡಿಸ್ಕಿನ ಬಿಸಿ ಪಕ್ಕದಾಗ ಐತಿ, ಬಿಸಿ ಏರಿದಂಗ ಅದರ ಶಕ್ತಿ ಇಳೀತೈತಿ. ಪಂಪಿನ ಮೋಟರ್ ಆಗಿದ್ರ ಹಾಕ್ರಿ ಅಂತಿದ್ದೆ, ಚಕ್ರಕ್ಕ ನಾ ಹೇಳಂಗಿಲ್ಲ. ಬೋರ್ ದೊಡ್ಡದ ಮಾಡಿ ಸ್ಲೀವ್ ಹಾಕೂದೂ ಬ್ಯಾಡ, ಸರ್ಕ್ಲಿಪ್ ಗ್ರೂವ್ ಹತ್ರ ಗೋಡಿ ತೆಳು ಆಕ್ಕತಿ. ಡೋನರ್ ಗೊತ್ತಾತಲ್ಲ, ಇನ್ನೊಂದ ಅಪ್‌ರೈಟ್ ಹುಡುಕ್ರಿ. ತಗೊಳ್ಳೂ ಮೊದ್ಲ ಬೋರ್ ಅಳೀರಿ, ಗ್ರೂವಿನ ಅಂಚ ಮುರದಿಲ್ಲ ನೋಡ್ರಿ, ಆಕ್ಸಿಡೆಂಟ್ ಗಾಡೀದ ಬ್ಯಾಡ.

ಅರ್ಧಕಟ್ಟಿದಗಾಡಿ
ಅಪ್‌ರೈಟ್ ಸಿಕ್ತು, ಬೋರ್ 71.95, ಗ್ರೂವ್ ಚೆನ್ನಾಗಿದೆ. ಬೇರಿಂಗ್ ಕೂರ್ಸಿ ಆಯ್ತು, ಟಾರ್ಕ್ ಹಾಕಿದ್ದೂ ಆಯ್ತು. ಕಟ್ಟಿದವ್ರು ಹಳೇ ಅಪ್‌ರೈಟಿಗೆ ಹ್ಯಾಂಡ್‌ಬ್ರೇಕ್ ಕೇಬಲ್ ಬ್ರಾಕೆಟಿಗೆ ತಾವೇ ತೂತು ಕೊರೆದು ಥ್ರೆಡ್ ಹಾಕಿದ್ದಾರೆ, ಹೊಸದರಲ್ಲಿ ಅದಿಲ್ಲ. ಕೊರೆಯೋಕೆ ಮುಂಚೆ ಎಲ್ಲಿ ಸೇಫ್ ಅಂತ ಕೇಳೋಕೆ ಬೇರೆ ಥ್ರೆಡ್ ಹಾಕ್ತೀನಿ, ಲೇತ್‌ಮಾಸ್ಟರ್ ಅಲ್ಲೂ ಬನ್ನಿ.

ಲೇತ್‌ಮಾಸ್ಟರ್
ಬರ್ತೇನ್ರಿ. ಈಗ ಡ್ರಿಲ್ ಕೆಳಗ ಇಡ್ರಿ, ಫೋಟೋ ಹಾಕ್ರಿ ಮೊದ್ಲ.